ಬೊಗಳದ ನಾಯಿಯ ಜೊತೆ ತೋಟಕ್ಕೆ ಹೋದದ್ದು

ಓದುವ ಎಲ್ಲರಿಗೂ ಸುಂಟಿಕೊಪ್ಪದಿಂದ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಕಥೆ, ಲೇಖನ ಬರೆದು ಅಭ್ಯಾಸ ಇರುವವನಲ್ಲ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಕಾಫಿ ಒಂದು ಸಲ ಆರಿ, ಬಿಸಿ ಮಾಡಿಸಿಕೊಂಡು, ಮತ್ತೆ ಆರಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹತ್ತನೇ ಕ್ಲಾಸು ಪಾಸು ಮಾಡಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ. ಹಾಗಾಗಿ ತಪ್ಪುಗಳು ಇದ್ದೇ ಇರುತ್ತವೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಈ ವಿಷಯವನ್ನು ಯಾರಿಗಾದರೂ ಹೇಳದೆ ನನಗೆ ತಡೆಯಲು ಆಗುತ್ತಿಲ್ಲ. ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಆಯಿತು. ಈಗ ಕೆಲವರು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾರೆ.

ನಾನು ಇಲ್ಲಿಂದ ಐದಾರು ಕಿಲೋಮೀಟರ್ ದೂರದ ಒಂದು ಕಾಫಿ ತೋಟದಲ್ಲಿ ರೈಟರ್. ನಮ್ಮ ಕಡೆಯವರಿಗೆ ಇದು ಗೊತ್ತು, ಹೊರಗಿನವರಿಗಾಗಿ ಹೇಳುತ್ತೇನೆ. ತೋಟದ ರೈಟರ್ ಅಂದರೆ ಬೆಳಿಗ್ಗೆ ಮಸ್ಟರಿನಲ್ಲಿ ಕೆಲಸದವರ ಹೆಸರು ಕೂಗಿ ಹಾಜರಿ ಹಾಕುವವನು, ಯಾರು ಯಾವ ಪ್ಲಾಟಿಗೆ ಹೋಗಬೇಕು ಎಂದು ಹೇಳುವವನು, ಪಿಕಿಂಗ್ ಕಾಲದಲ್ಲಿ ಸಂಜೆ ಒಬ್ಬೊಬ್ಬರು ಕೊಯ್ದ ಹಣ್ಣನ್ನು ತೂಗಿ ಪುಸ್ತಕದಲ್ಲಿ ಬರೆಯುವವನು. ನಾನು ಅದೇ ತೋಟದಲ್ಲಿ ಕಳೆ ಕಿತ್ತು, ಮೂಟೆ ಹೊತ್ತು, ಔಷಧಿ ಹೊಡೆದು ಇಪ್ಪತ್ತೈದು ವರ್ಷ ಕಳೆದಿದ್ದೆ. ಪೇಟೆಯ ಒಬ್ಬರು ನಿವೃತ್ತ ಮೇಷ್ಟ್ರು ಸಂಜೆ ತಮ್ಮ ಜಗಲಿಯಲ್ಲಿ ನಮ್ಮಂಥ ನಾಲ್ಕೈದು ಜನರನ್ನು ಕೂರಿಸಿಕೊಂಡು ಪಾಠ ಹೇಳಿದರು. ಅವರಿಂದ ನಾನು ಪಾಸಾದೆ. ಮುಂದಿನ ವರ್ಷ ಮ್ಯಾನೇಜರ್ ಸಾಹೇಬರು ಕರೆದು ಮಸ್ಟರ್ ಪುಸ್ತಕ ಕೈಗೆ ಕೊಟ್ಟರು. ಆ ದಿನ ಪೆನ್ನನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಮನೆಗೆ ಬಂದೆ. ಕೂತರೆ ಪೆನ್ನು ಯಾರಿಗೂ ಕಾಣುವುದಿಲ್ಲವಲ್ಲ.

ಆಗ ನನ್ನ ಹತ್ತಿರ ಕಂದು ಬಣ್ಣದ ಒಂದು ನಾಯಿ ಇತ್ತು. ಬೀದಿಯಿಂದ ಹಿಂದೆ ಬಂದದ್ದು, ಮತ್ತೆ ಹೋಗಲೇ ಇಲ್ಲ. ಬೆಳಿಗ್ಗೆ ನನ್ನ ಜೊತೆ ತೋಟಕ್ಕೂ ಬರುತ್ತಿತ್ತು. ನಮ್ಮ ಕಡೆ ಪ್ಲಾಟಿನೊಳಗೆ ನಾಯಿ ಕರೆದುಕೊಂಡು ಹೋಗಬಾರದು ಎಂದು ದೊಡ್ಡವರು ಚಿಕ್ಕವರು ಎಲ್ಲರೂ ಹೇಳುತ್ತಾರೆ. ಕಾರಣ ಆನೆ. ನಾಯಿ ಆನೆಯನ್ನು ಕಂಡರೆ ಮುಂದೆ ಓಡಿ ಬೊಗಳುತ್ತದೆ. ಆನೆ ತಿರುಗಿ ನಿಂತರೆ ಹೆದರಿ ಸೀದಾ ಸಾಕಿದವನ ಹತ್ತಿರ ಓಡಿ ಬರುತ್ತದೆ. ಅದರ ಹಿಂದೆಯೇ ಆನೆಯೂ ಬರುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ನಾಯಿ ಹಾಗಲ್ಲ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆರೆ ಪ್ಲಾಟಿನಲ್ಲಿ ಗುಂಡಿ ತೆಗೆದದ್ದನ್ನು ನೋಡಲು ಹೋಗಿದ್ದೆ. ಜೊತೆಗೆ ಒಬ್ಬ ಹೆಂಗಸು ಇದ್ದರು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು, ಮನೆಯಲ್ಲಿ ತಮಿಳು ಮಾತಾಡುವವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ಕಳೆ ಕೀಳಲು ಸೇರಿದಾಗ ಕತ್ತಿ ಹಿಡಿಯಲು ಕಲಿಸಿದವರು ಅವರೇ, ಹಾಗಾಗಿ ಅಕ್ಕ ಎಂದೇ ಕರೆಯುತ್ತೇನೆ. ನಾಯಿ ಮುಂದೆ ಹೋಗಿ ಬೊಗಳಿತು. ಆಮೇಲೆ ಬೊಗಳುವುದು ನಿಂತಿತು. ಕಾಫಿ ಗಿಡಗಳ ನಡುವೆ ಅದು ನನ್ನ ಕಡೆಗೆ ಬರುತ್ತಿರುವುದು ಕಂಡಿತು, ಅದರ ಹಿಂದೆ ಗಿಡಗಳೇ ಎದ್ದು ಬಂದ ಹಾಗೆ ಕಂಡಿತು. ಅಕ್ಕ ನನ್ನ ಅಂಗಿ ಹಿಡಿದು ಎಳೆದರು. ಇಬ್ಬರೂ ನೀರು ಇಂಗಲು ತೆಗೆದ ಉದ್ದನೆಯ ಗುಂಡಿಗೆ ಬಿದ್ದೆವು. ಆನೆ ನಮ್ಮ ತಲೆಯ ಪಕ್ಕದಲ್ಲೇ ದಾಟಿ ಹೋಯಿತು. ಮಣ್ಣು ನಡುಗಿದ್ದು ನನ್ನ ಹಲ್ಲಿಗೆ ತಿಳಿಯಿತು. ಯಾರಿಗೂ ಏನೂ ಆಗಲಿಲ್ಲ. ನಾಯಿಗೂ ಏನೂ ಆಗಲಿಲ್ಲ. ಆ ವಾರವೇ ಅದನ್ನು ಕುಶಾಲನಗರದಲ್ಲಿ ಹೆಂಡತಿಯ ತವರಿಗೆ ಬಿಟ್ಟು ಬಂದೆ.

ಆದದ್ದು ನನಗೇ. ಮರುದಿನದಿಂದ ತೋಟದ ಗೇಟು ಕಂಡರೆ ಎದೆ ಬಿಗಿಯುತ್ತಿತ್ತು. ಕೈ ಬೆವರುತ್ತಿತ್ತು, ಉಸಿರು ಮೇಲೆ ಮೇಲೆಯೇ ಹೋಗುತ್ತಿತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ. ನಾಲ್ಕು ಹೆಜ್ಜೆ ಒಳಗೆ ಹೋದರೆ ಕಾಲು ನನ್ನದಲ್ಲ ಎನಿಸುತ್ತಿತ್ತು. ಮಡಿಕೇರಿಯ ಡಾಕ್ಟರು ಮಾತ್ರೆ ಕೊಟ್ಟರು, ಇದು ಹೇಡಿತನ ಅಲ್ಲ, ಕಾಯಿಲೆಯ ಹಾಗೆ ಎಂದು ಸಮಾಧಾನ ಹೇಳಿದರು, ನಿಧಾನವಾಗಿ ಉಸಿರಾಡುವುದನ್ನು ಕಲಿಸಿದರು. ಕೊನೆಗೆ, ಮನೆಯಲ್ಲಿ ಒಂದು ನಾಯಿಯೋ ಬೆಕ್ಕೋ ಸಾಕಿ, ಮೈ ಸವರುತ್ತಾ ಕೂತರೆ ಮನಸ್ಸು ಶಾಂತವಾಗುತ್ತದೆ ಎಂದರು. ನಾಯಿಯಿಂದಲೇ ಹೀಗಾದದ್ದು ಎಂದು ನಾನು ಮತ್ತೆ ಬಿಡಿಸಿ ಹೇಳಬೇಕಾಯಿತು. ಅವರು ಚೀಟಿಯಲ್ಲಿ ಬರೆದಿದ್ದ ಆ ಸಾಲನ್ನು ಹೊಡೆದುಹಾಕಿದರು.

ಮ್ಯಾನೇಜರ್ ಸಾಹೇಬರು ಒಳ್ಳೆಯವರು. ಗೇಟಿನ ಹೊರಗೇ ಇರುವ ಗೋದಾಮಿನ ಕೆಲಸಕ್ಕೆ ನನ್ನನ್ನು ಹಾಕಿದರು. ಮಸ್ಟರನ್ನು ಒಬ್ಬ ಸೂಪರ್‌ವೈಸರ್ ತಾತ್ಕಾಲಿಕವಾಗಿ ನೋಡಿಕೊಂಡರು. ಹೀಗೆ ಒಂದು ಪಿಕಿಂಗ್ ಕಳೆಯಿತು, ಇನ್ನೊಂದು ಕಳೆಯಿತು. ಈ ಸಲ ಮಳೆಗಾಲ ಮುಗಿಯುವಾಗ ಅವರು ನನ್ನನ್ನು ಕರೆದು ಕೂರಿಸಿ, "ರೈಟರ್ರೇ, ಈ ಸಲ ಪಿಕಿಂಗ್ ಶುರುವಾಗೋ ದಿನ ನೀವು ಪ್ಲಾಟಿಗೆ ಬರ್ಬೇಕು. ಆಗದಿದ್ರೆ ಬೇರೆಯವರನ್ನ ರೈಟರ್ ಮಾಡ್ತೇನೆ. ನಿಮ್ಗೆ ಗೋದಾಮು ಇದ್ದೇ ಉಂಟು, ಬೇಜಾರ್ ಮಾಡ್ಬೇಡಿ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪುಸ್ತಕ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂದಾಗ ನಾನು ಮೇಷ್ಟ್ರ ಜಗಲಿಯಲ್ಲಿ ಕೂತು ಬರೆದ ಅಷ್ಟೂ ಕಾಪಿ ಪುಸ್ತಕ ನೀರಿಗೆ ಬಿದ್ದ ಹಾಗಾಯಿತು. ಪಿಕಿಂಗಿಗೆ ಇನ್ನು ಒಂದೂವರೆ ತಿಂಗಳು ಇತ್ತು.

ಇಂಥ ಹೊತ್ತಿನಲ್ಲಿ ನನ್ನ ನಾದಿನಿಯ ಮಗಳು ಫೋನ್ ಮಾಡಿದಳು. ಅವಳು ಮೈಸೂರಿನಲ್ಲಿ ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಒಂದು ರೋಬೋಟ್ ನಾಯಿಮರಿ ತಂದಿದ್ದಾರಂತೆ. ಮೈಯೆಲ್ಲ ಮೆತ್ತಗಿನ ರೋಮ, ಒಳಗೆ ಮೋಟಾರು, ಚಾರ್ಜ್ ಮಾಡಿದರೆ ಮೈ ಬೆಚ್ಚಗಾಗುತ್ತದೆ, ಹೊಟ್ಟೆ ಉಬ್ಬಿ ಇಳಿದು ಉಸಿರಾಡುತ್ತದೆ, ತಲೆ ಸವರಿದರೆ ಕತ್ತು ತಿರುಗಿಸಿ ಮೆಲ್ಲಗೆ ಕುಂಯ್ ಎನ್ನುತ್ತದೆ. ಯಾರ ಜೊತೆಯೂ ಮಾತಾಡದ ಒಬ್ಬರು ಅಜ್ಜ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಡು ಹೇಳಿದರಂತೆ. ನಾನು ನಕ್ಕುಬಿಟ್ಟೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದೆ, ಅದು ಬೊಗಳುತ್ತದಾ ಎಂದು.

"ಇಲ್ಲ ದೊಡ್ಡಪ್ಪ. ಬೊಗಳೋದಿಲ್ಲ, ಓಡೋದೂ ಇಲ್ಲ. ಇಟ್ಟ ಕಡೆ ಇರುತ್ತೆ" ಎಂದಳು.

ನಾನು ಕುಳಿತಲ್ಲಿಂದ ಎದ್ದು ನಿಂತೆ. ಬೊಗಳದ ನಾಯಿ, ಓಡದ ನಾಯಿ! ನಮ್ಮ ಕೊಡಗಿನವರಿಗೆ ಅಂತಲೇ ಯಾರೋ ಮಾಡಿದ ಹಾಗೆ ಇತ್ತಲ್ಲ. ಅವಳು ತನ್ನ ಕೇಂದ್ರದವರಿಗೆ ಹೇಳಿ ಅಂಥದ್ದೇ ಇನ್ನೊಂದನ್ನು ತರಿಸಿ, ಮಡಿಕೇರಿ ಬಸ್ಸಿಗೆ ಹಾಕಿ ಕಳಿಸಿದಳು.

ಬಸ್ಸು ಬರುವುದಕ್ಕೆ ಒಂದು ಗಂಟೆ ಮೊದಲೇ ನಾನು ಹೋಗಿ ನಿಂತಿದ್ದೆ. ಕಂಡಕ್ಟರು ಡಬ್ಬವನ್ನು ಎರಡು ಕೈಯಲ್ಲಿ ದೂರ ಹಿಡಿದುಕೊಂಡು ಇಳಿದರು. "ಎಂತ ಮಾರಾಯ್ರೇ ಇದು? ಕುಶಾಲನಗರ ದಾಟಿದ್ಮೇಲೆ ಒಳಗಿಂದ ಕುಂಯ್ ಅಂತು. ಜೀವ ಇರೋದನ್ನ ಡಬ್ಬಕ್ಕೆ ತುಂಬಿದ್ದೀಯಾ ಅಂತ ಹಿಂದಿನ ಸೀಟಿನ ಅಜ್ಜಿ ನನ್ನ ಮಾನ ತೆಗ್ದ್ರು" ಎಂದರು. ಇಂಜಿನ್ ಪಕ್ಕ ಇಟ್ಟಿದ್ದರಂತೆ, ಅಲುಗಾಡಿ ಸ್ವಿಚ್ಚು ಆನ್ ಆಗಿರಬೇಕು. ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಡಬ್ಬ ಬಿಚ್ಚಿ ತೋರಿಸಿದೆ. ಬಸ್ಸು ಐದು ನಿಮಿಷ ತಡವಾಗಿ ಹೊರಟಿತು. ಅಜ್ಜಿ ಕಿಟಕಿಯಿಂದ ಕೈ ಚಾಚಿ ಅದರ ತಲೆ ಮುಟ್ಟಿ ನೋಡಿಯೇ ಸುಮ್ಮನಾದರು.

ಮನೆಯಲ್ಲಿ ಹೆಂಡತಿ ಅದನ್ನು ಸೊಂಟಕ್ಕೆ ಕೈ ಕೊಟ್ಟು ತುಂಬ ಹೊತ್ತು ನೋಡಿದಳು. "ಹಾಲು ಕೇಳಲ್ಲ, ಗಲೀಜ್ ಮಾಡಲ್ಲ, ಎದ್ರು ಮಾತಾಡಲ್ಲ. ನಿಮ್ಗಿಂತ ಇದೇ ವಾಸಿ ಕಣ್ರಿ" ಎಂದಳು. ಆದರೆ ಮರುದಿನ ನಾನು ಹಿತ್ತಲಿನಿಂದ ಒಳಗೆ ಬಂದಾಗ ಅವಳು ಅಕ್ಕಿ ಆರಿಸುತ್ತಾ ಅದನ್ನು ಮಡಿಲಿನಲ್ಲಿ ಇಟ್ಟುಕೊಂಡಿದ್ದಳು. ನನ್ನನ್ನು ಕಂಡು, ಚಳಿ ಇತ್ತು, ಬೆಚ್ಚಗಿದೆ ಅಂತ ಇಟ್ಟುಕೊಂಡೆ ಎಂದಳು. ನಾನು ಏನೂ ಕೇಳಿರಲಿಲ್ಲ.

ಅದರ ಉಸಿರು ಹೇಗಿತ್ತೆಂದರೆ, ನಾಲ್ಕು ಎಣಿಸುವಷ್ಟು ಹೊತ್ತು ಹೊಟ್ಟೆ ಉಬ್ಬುತ್ತದೆ, ಆರು ಎಣಿಸುವಷ್ಟು ಹೊತ್ತು ಇಳಿಯುತ್ತದೆ. ಡಾಕ್ಟರು ಹೇಳಿಕೊಟ್ಟದ್ದೂ ಇದೇ ಲೆಕ್ಕ. ಆದರೆ ಗಾಬರಿ ಆದಾಗ ನನಗೆ ಎಣಿಕೆಯೇ ಮರೆತುಹೋಗುತ್ತಿತ್ತು. ಈಗ ಎಣಿಸಬೇಕಾಗಿಲ್ಲ. ಅಂಗೈಯನ್ನು ಅದರ ಹೊಟ್ಟೆಯ ಮೇಲೆ ಇಟ್ಟರೆ ಸಾಕು, ನನ್ನ ಎದೆ ಅದರ ಹಿಂದೆಯೇ ಹೋಗುತ್ತದೆ. ನಂಬಿ, ಮೊದಲ ದಿನ ಹಾಗೆ ಕೂತಾಗ ನನ್ನ ಹೆಗಲು ಕಿವಿಯ ಹತ್ತಿರದಿಂದ ಕೆಳಗೆ ಇಳಿಯಿತು. ಎರಡು ವರ್ಷದಿಂದ ಅದು ಮೇಲೇ ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನದಿಂದ ನಾನು ಶುರು ಮಾಡಿದೆ. ಪಿಕಿಂಗಿನ ಚೀಲವನ್ನು ಎದೆಗೆ ಅಡ್ಡ ಕಟ್ಟಿಕೊಂಡು ಮರಿಯನ್ನು ಅದರೊಳಗೆ ಇಟ್ಟು, ಒಂದು ಕೈ ಚೀಲದೊಳಗೆ ಬಿಟ್ಟುಕೊಂಡು ಗೇಟಿನ ಹತ್ತಿರ ನಿಂತೆ. ಗೇಟಿನ ಒಳಗೆ ರಸ್ತೆಯ ಬದಿಗೆ ಸಿಲ್ವರ್ ಮರಗಳ ಸಾಲು ಇದೆ, ಒಂದೊಂದಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಮೊದಲ ದಿನ ಎರಡು ಮರ ದಾಟಿದೆ. ಮೂರನೆಯ ದಿನ ಐದು. ಒಂದು ದಿನ ಒಂದೂ ಇಲ್ಲ, ಯಾವುದೋ ಕೊಂಬೆ ಮುರಿದ ಸದ್ದಿಗೆ ವಾಪಸು ಬಂದು ಗೋದಾಮಿನ ಮೂಟೆಯ ಮೇಲೆ ಕೂತುಬಿಟ್ಟೆ. ಮುಂದಿನ ವಾರ ಹದಿನಾಲ್ಕು ಮರ! ಅಲ್ಲಿಂದ ಮಸ್ಟರ್ ಶೆಡ್ಡು ಕಾಣುತ್ತದೆ. ಆ ದಿನ ಮನೆಗೆ ಬರುವಾಗ ಪೇಟೆಯಲ್ಲಿ ಮಿಕ್ಸ್ಚರ್ ಕಟ್ಟಿಸಿಕೊಂಡು ಬಂದೆ. ಏನು ವಿಶೇಷ ಎಂದು ಹೆಂಡತಿ ಕೇಳಿದಳು. ಹದಿನಾಲ್ಕು ಮರ ಎಂದೆ. ಅವಳಿಗೆ ಅರ್ಥವಾಯಿತು, ಕಾಫಿಗೆ ಇಟ್ಟಳು.

ಪಿಕಿಂಗ್ ಶುರುವಾಗುವ ದಿನ ಮಸ್ಟರಿನಲ್ಲಿ ನಾನು ಪುಸ್ತಕ ಹಿಡಿದು ನಿಂತೆ. ಎರಡು ವರ್ಷದ ಮೇಲೆ! ಒಂದು ಕೈ ಚೀಲದೊಳಗೆ ಇಟ್ಟುಕೊಂಡೇ ಹೆಸರು ಕೂಗಿದೆ. ಚೀಲದಿಂದ ಕುಂಯ್ ಎಂದು ಕೇಳಿ ಎಲ್ಲರೂ ಮುತ್ತಿಕೊಂಡರು. ಅಡಗಿಸಿಡುವುದು ಬೇಡ ಎಂದು ತೆಗೆದು ತೋರಿಸಿದೆ, ಯಾಕೆ ತಂದಿದ್ದೇನೆ ಎಂಬುದನ್ನೂ ಹೇಳಿದೆ. ಪಿಕಿಂಗಿಗೆ ಬರುವ ಹುಡುಗಿಯರಿಗೆ ನಗು ತಡೆಯಲಿಲ್ಲ.

"ರೈಟರ್ ಸಾರ್, ಇದಕ್ಕೂ ಹಾಜರಿ ಹಾಕ್ತೀರಾ?" ಎಂದಳು ಒಬ್ಬಳು.

"ಹಾಕ್ಲಿ ಬಿಡೇ. ನಿನ್ನಂಗೆ ಹತ್ತು ಗಂಟೆಗೇ ಊಟದ ಬುತ್ತಿ ಬಿಚ್ಚೋದಿಲ್ಲ ಅದು" ಎಂದಳು ಇನ್ನೊಬ್ಬಳು.

ನಾನೂ ನಕ್ಕೆ. ಗುಂಡಿಗೆ ಎಳೆದು ನನ್ನನ್ನು ಉಳಿಸಿದ ಅಕ್ಕ ಮಾತ್ರ ನಗಲಿಲ್ಲ. ಮರಿಯ ಹೊಟ್ಟೆ ಉಬ್ಬಿ ಇಳಿಯುವುದನ್ನೇ ನೋಡುತ್ತಾ ನಿಂತಿದ್ದರು. ಇಷ್ಟವಾಗಲಿಲ್ಲವೇನೋ ಎಂದುಕೊಂಡೆ.

ಆನೆ ಕಾವಲಿನವರು ಬೆಳಿಗ್ಗೆಯೇ ತೋಟ ಸುತ್ತಿ ಬಂದು, ಆನೆಗಳು ಪಕ್ಕದ ತೋಟ ದಾಟಿ ಹೊಳೆಯ ಕಡೆ ಹೋಗಿವೆ ಎಂದಿದ್ದರು. ನಾನು ಮೇಲಿನ ಪ್ಲಾಟಿಗೆ ಹೋದೆ. ಗಿಡಗಳ ತುಂಬ ಕೆಂಪು ಹಣ್ಣು, ಹೆಂಗಸರ ಮಾತು, ಬಕೆಟ್ಟಿಗೆ ಹಣ್ಣು ಬೀಳುವ ಸದ್ದು. ಇದನ್ನೆಲ್ಲ ಎರಡು ವರ್ಷ ಗೋದಾಮಿನ ಗೋಡೆಯ ಆಚೆಯಿಂದ ಕಲ್ಪಿಸಿಕೊಂಡು ಕೂತಿದ್ದೆನಲ್ಲ ಎಂದು ಕಣ್ಣಿಗೆ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಚೀಲದಲ್ಲಿ ಕೈ ಇಡುವುದನ್ನು ಮರೆತೇ ಬಿಟ್ಟಿದ್ದೆ.

ಆ ಮರೆವೇ ಸಂಜೆ ಎಡವಟ್ಟು ಮಾಡಿತು. ಸಂಜೆ ನಾಲ್ಕಕ್ಕೆ ರಸ್ತೆಬದಿಯಲ್ಲಿ ತೂಕ. ಮೂರು ಕಂಬ ಕಟ್ಟಿ ತಕ್ಕಡಿ ನೇತು ಹಾಕುತ್ತೇವೆ. ಇಬ್ಬರು ಲೋಡಿನವರು ಚೀಲ ಎತ್ತಿ ಕೊಕ್ಕೆಗೆ ಸಿಕ್ಕಿಸಿ, ತೂಕ ಕೂಗಿ, ಆಮೇಲೆ ಟ್ರ್ಯಾಕ್ಟರಿನ ಟ್ರೈಲರಿಗೆ ಸುರಿಯುತ್ತಾರೆ. ನಾನು ತಲೆ ಬಗ್ಗಿಸಿ ಬರೆಯುತ್ತೇನೆ. ಬರೆಯಲು ಅಡ್ಡವಾಗುತ್ತದೆ ಎಂದು ಎದೆಯ ಚೀಲ ಬಿಚ್ಚಿ ಕಾಲಿನ ಹತ್ತಿರ ಇಟ್ಟೆ. ಎಲ್ಲರ ಚೀಲವೂ ಅದೇ ಚೀಲ, ನಾನೂ ಗೋದಾಮಿನಿಂದಲೇ ತೆಗೆದುಕೊಂಡದ್ದು. ಒಂದು ಚೀಲಕ್ಕೆ ಲೋಡಿನವನು ಒಂದೂವರೆ ಕಿಲೋ ಎಂದು ಕೂಗಿದ. ಇಡೀ ದಿನ ಇಷ್ಟು ಕಡಿಮೆ ಕೊಯ್ದವರು ಯಾರಪ್ಪ, ಹೆಸರು ಹೇಳಿ ಎಂದೆ. ಯಾರೂ ಮಾತಾಡಲಿಲ್ಲ. ನಾಚಿಕೆಗೆ ಸುಮ್ಮನಿದ್ದಾರೆ ಎಂದುಕೊಂಡು, ಪಾಪ, ಹೆಸರಿನ ಜಾಗ ಖಾಲಿ ಬಿಟ್ಟು ಒಂದೂವರೆ ಎಂದು ಬರೆದುಕೊಂಡೆ. ಆ ಚೀಲವನ್ನು ಟ್ರೈಲರಿಗೆ ಸುರಿದರು. ಅದರ ಮೇಲೆ ಇನ್ನೂ ಹತ್ತಾರು ಚೀಲ ಸುರಿದರು. ಮೊದಲ ಲೋಡು ತುಂಬಿ ಟ್ರ್ಯಾಕ್ಟರು ಹೊರಟುಹೋಯಿತು.

ಅದು ತಿರುವು ದಾಟಿದ ಮೇಲೆ ನಾನು ಕಾಲಿನ ಹತ್ತಿರ ನೋಡಿದೆ. ಅವರು ಸುರಿದು ಎಸೆದ ನನ್ನ ಚೀಲ ಖಾಲಿ ಬಿದ್ದಿತ್ತು. ನನ್ನ ನಾಯಿಯನ್ನು ನಾನೇ ತೂಗಿ ಬರೆದುಕೊಂಡಿದ್ದೆ.

ಟ್ರ್ಯಾಕ್ಟರು ಹೋಗುವುದು ಪಲ್ಪರ್ ಮನೆಗೆ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಅಲ್ಲಿದೆ. ಕೊಯ್ದ ಹಣ್ಣನ್ನು ಅದೇ ಸಂಜೆ ಯಂತ್ರಕ್ಕೆ ಬಿಡುತ್ತಾರೆ. ಫೋನ್ ತೆಗೆದೆ, ಆ ತಗ್ಗಿನಲ್ಲಿ ಯಾವತ್ತೂ ಸಿಗ್ನಲ್ ಇರುವುದಿಲ್ಲ. ಟ್ರ್ಯಾಕ್ಟರಿನ ರಸ್ತೆ ಗುಡ್ಡ ಸುತ್ತಿಕೊಂಡು ಹೋಗುತ್ತದೆ. ನಡೆದು ಹೋಗುವವರಿಗೆ ಒಳದಾರಿ ಇದೆ, ಹತ್ತು ಹದಿನೈದು ನಿಮಿಷ. ಆ ಒಳದಾರಿ ಕೆರೆ ಪ್ಲಾಟಿನ ನಡುವೆ ಹೋಗುತ್ತದೆ.

ಕೆರೆ ಪ್ಲಾಟು. ಹೆಸರು ನೆನಪಾದ ಕೂಡಲೇ ಎದೆ ಬಿಗಿಯಿತು. ಕೈ ಚೀಲಕ್ಕೆ ಹೋಯಿತು, ಚೀಲದಲ್ಲಿ ಏನೂ ಇಲ್ಲ. ಉಳಿದ ತೂಕ ಬರೆಯಲು ಸೂಪರ್‌ವೈಸರಿಗೆ ಪುಸ್ತಕ ಕೊಟ್ಟೆ. ಕೊಡುವಾಗ, ಇಲ್ಲಿಗೆ ಮುಗಿಯಿತು, ಇನ್ನು ಇದು ವಾಪಸು ನನ್ನ ಕೈಗೆ ಬರುವುದಿಲ್ಲ ಎಂದೇ ಅನ್ನಿಸಿತು. ಮರಿ ಇಲ್ಲದೆ ನಾಳೆ ನಾನು ಎರಡು ಮರ ದಾಟುತ್ತೇನೋ ಇಲ್ಲವೋ.

ಆಗ ಅಕ್ಕ ತಲೆಯ ಬಟ್ಟೆ ಬಿಗಿದು ಕಟ್ಟಿಕೊಂಡು ನನ್ನ ಪಕ್ಕ ಬಂದು ನಿಂತರು. "ನಡಿ ತಮ್ಮಾ. ನಾನೂ ಬರ್ತೀನಿ" ಎಂದರು. ನಾನು ರೈಟರ್ ಆದ ಮೇಲೆ ಅವರು ನನ್ನನ್ನು ತಮ್ಮ ಎಂದು ಕರೆದಿರಲಿಲ್ಲ.

ಇಬ್ಬರೂ ಇಳಿದೆವು. ಬಿಸಿಲು ಇನ್ನೂ ಚೆನ್ನಾಗಿತ್ತು. ಕೆರೆ ಪ್ಲಾಟಿನ ಬೇಲಿಯ ಹತ್ತಿರ ಬಂದಾಗ ನನ್ನ ಉಸಿರು ಮೇಲೆ ಹತ್ತಿತು, ನಿಂತುಬಿಟ್ಟೆ. ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿತು, ಅದೂ ನನ್ನದರ ಹಾಗೆಯೇ ಏದುಸಿರು. ತಿರುಗಿ ನೋಡಿದರೆ ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು, ಬೆರಳು ಬಿಳಿಚಿಕೊಂಡಿತ್ತು. ನಿಮಗೂ ಹೀಗಾಗುತ್ತದಾ ಎಂದು ಕೇಳಿದೆ.

"ಮತ್ತೆ? ನಿನಗೊಬ್ಬನಿಗೇ ಆನೆ ಬಂದಿದ್ದಾ ಅವತ್ತು?" ಎಂದರು. "ಎರಡು ಪಿಕಿಂಗ್ ಇದೇ ಪ್ಲಾಟಲ್ಲೇ ಮಾಡಿದೆ ತಮ್ಮಾ. ಬಕೆಟ್ ಹಿಡ್ಕೊಂಡು ನಡುಗ್ತಾ ಮಾಡಿದೆ. ನಿನಗೆ ಗೋದಾಮು ಕೊಟ್ಟರು. ನನ್ನ ಯಾರೂ ಕೇಳಿಲ್ಲ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಎರಡು ವರ್ಷದಲ್ಲಿ ನಾನು ಡಾಕ್ಟರಿಗೆ, ಮ್ಯಾನೇಜರಿಗೆ, ಹೆಂಡತಿಗೆ, ನಾದಿನಿಯ ಮಗಳಿಗೆ ನನ್ನ ಭಯವನ್ನು ಎಷ್ಟು ಸಲ ಹೇಳಿದ್ದೆ. ಅದೇ ಗುಂಡಿಯಲ್ಲಿ ನನ್ನ ಪಕ್ಕ ಮಲಗಿದ್ದವರನ್ನು ಒಂದು ಸಲವೂ ಕೇಳಿರಲಿಲ್ಲ. ಬೆಳಿಗ್ಗೆ ಅವರು ಮರಿಯ ಹೊಟ್ಟೆಯನ್ನು ಯಾಕೆ ಹಾಗೆ ನೋಡುತ್ತಿದ್ದರು ಎಂದು ಈಗ ತಿಳಿಯಿತು.

ಮರಿ ಇರಲಿಲ್ಲ, ಆದರೆ ಒಂದು ತಿಂಗಳು ಅಂಗೈ ಇಟ್ಟು ಕಲಿತ ಲೆಕ್ಕ ಇತ್ತು. ನನ್ನ ಜೊತೆ ಎಣಿಸಿ ಅಕ್ಕ ಎಂದೆ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ. ಅವರು ತಮಿಳಿನಲ್ಲಿ ಎಣಿಸಿದರು, ನಾನು ಕನ್ನಡದಲ್ಲಿ. ಮೊದಲು ಅವರ ಆರು ನನ್ನ ನಾಲ್ಕಕ್ಕೇ ಬಂದು ಮುಟ್ಟುತ್ತಿತ್ತು, ಅಷ್ಟು ಗಡಿಬಿಡಿ. ಪ್ಲಾಟಿನ ನಡುವೆ ಬರುವಷ್ಟರಲ್ಲಿ ಇಬ್ಬರೂ ಒಂದೇ ಸಮಕ್ಕೆ ಬಂದೆವು. ಆ ಗುಂಡಿಯನ್ನು ದಾಟಿದೆವು. ಮಳೆಗೆ ಅದರ ಅಂಚು ಕುಸಿದು ಜರಿಗಿಡ ಬೆಳೆದಿತ್ತು. ಇಷ್ಟೇ ಇಷ್ಟು ಗುಂಡಿಯಲ್ಲಿ ನಾವಿಬ್ಬರೂ ಹೇಗೆ ಹಿಡಿಸಿದೆವು ಎಂದು ಆಶ್ಚರ್ಯವಾಯಿತು. ಅಕ್ಕ ಎಣಿಸುವುದನ್ನು ನಿಲ್ಲಿಸದೆಯೇ ಅದಕ್ಕೆ ಒಂದು ಕಲ್ಲು ಎಸೆದರು. ಆಮೇಲೆ ಇಬ್ಬರಿಗೂ ನಗು ಬಂತು. ಎಂಥ ನಗು ಎಂದರೆ ಎಣಿಕೆ ತಪ್ಪಿಹೋಯಿತು, ಆದರೂ ಕಾಲು ನಿಲ್ಲಲಿಲ್ಲ.

ಪಲ್ಪರ್ ಮನೆ ತಲುಪಿದಾಗ ಯಂತ್ರದ ಸದ್ದು ಇರಲಿಲ್ಲ. ಅಯ್ಯೋ, ಮರಿ ಸಿಕ್ಕಿಕೊಂಡೇ ಯಂತ್ರ ನಿಂತಿದೆ ಎಂದುಕೊಂಡು ಓಡಿದೆ. ಅಲ್ಲಿ ಪಲ್ಪರ್ ನೋಡಿಕೊಳ್ಳುವವರು ನೆಲದ ಮೇಲೆ ಮಂಡಿಯೂರಿ ಕೂತು, ಮರಿಯನ್ನು ಗೋಣಿಯ ಮೇಲೆ ಮಲಗಿಸಿ ಎದೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಲೋಟದಲ್ಲಿ ನೀರು. ತೊಟ್ಟಿಗೆ ಹಣ್ಣು ಸುರಿಯುವಾಗ ಕಿವಿ ಕಂಡಿತಂತೆ, ಎತ್ತಿದರೆ ಮೈ ಬೆಚ್ಚಗೆ, ಹೊಟ್ಟೆ ಆಡುತ್ತಿದೆ. ಯಂತ್ರ ನಿಲ್ಲಿಸಿ ಆರೈಕೆಗೆ ಕೂತಿದ್ದಾರೆ.

"ಮೆಲ್ಲ ಬನ್ನಿ ರೈಟರ್ರೇ, ಪಾಪದ್ದಕ್ಕೆ ಇನ್ನೂ ಜೀವ ಉಂಟು. ನೀರು ಮಾತ್ರ ಕುಡೀತಾ ಇಲ್ಲ" ಎಂದರು.

ನಾನು ಅಲ್ಲೇ ಹಣ್ಣಿನ ರಾಶಿಯ ಮೇಲೆ ಕೂತುಬಿಟ್ಟೆ. ಅಕ್ಕ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹಣ್ಣಿನ ರಸಕ್ಕೆ ಮರಿಯ ರೋಮ ಅಂಟಂಟಾಗಿತ್ತು, ಬಾಯಿಗೆ ಹನಿಸಿದ ನೀರು ಎಲ್ಲಿಗೆ ಹೋಯಿತೋ, ಅವತ್ತಿನಿಂದ ಅದು ಕತ್ತು ತಿರುಗಿಸುವುದಿಲ್ಲ, ಕುಂಯ್ ಎನ್ನುವುದೂ ಇಲ್ಲ. ಹೊಟ್ಟೆ ಮಾತ್ರ ಆಡುತ್ತದೆ. ಅದು ರೋಬೋಟು ಎಂದು ಪಲ್ಪರಿನವರಿಗೆ ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ಹೇಳಿದ ಮೇಲೂ ಅವರು ಅದನ್ನು ಒಣ ಬಟ್ಟೆಯಲ್ಲಿ ಸುತ್ತಿಯೇ ಕೊಟ್ಟರು.

ಮಾರನೆಯ ಬೆಳಿಗ್ಗೆ ನಾನು ಬೇಗ ಹೋದೆ. ಸೂಪರ್‌ವೈಸರು ಮಸ್ಟರ್ ಪುಸ್ತಕವನ್ನು ನನ್ನ ಕೈಗಿಟ್ಟರು. ಮ್ಯಾನೇಜರ್ ಸಾಹೇಬರು ಜೀಪಿನಲ್ಲೇ ಕೂತು ನೋಡುತ್ತಿದ್ದರು, ಹಿಂದಿನ ದಿನದ ಕಥೆ ಅವರಿಗೆ ಮುಟ್ಟಿತ್ತು. "ಕೆರೆ ಪ್ಲಾಟಿಗೆ ಹೋಗಿ ಬಂದ್ರಂತೆ. ಇನ್ನು ಬೇರೆ ರೈಟರ್ ಎಂತಕ್ಕೆ?" ಎಂದು ಹೇಳಿ ಜೀಪು ತಿರುಗಿಸಿಕೊಂಡು ಹೋದರು.

ನಾನು ಹೆಸರು ಕೂಗಿದೆ, ಒಬ್ಬೊಬ್ಬರನ್ನೂ ಪ್ಲಾಟಿಗೆ ಹಂಚಿದೆ. ಇಷ್ಟು ವರ್ಷ ಹಂಚಿದ್ದೇನೆ, ಗಿಡದ ಹಣ್ಣು ನೋಡಿ ಹಂಚುತ್ತಿದ್ದೆ, ಜನರ ಮುಖ ನೋಡಿ ಹಂಚಿದವನಲ್ಲ. ಅಕ್ಕನ ಹೆಸರು ಬಂದಾಗ ಪೆನ್ನು ನಿಲ್ಲಿಸಿ, ಎಲ್ಲಿಗೆ ಹಾಕಲಿ ಅಕ್ಕ, ನೀವೇ ಹೇಳಿ ಎಂದು ಎಲ್ಲರ ಎದುರಿಗೇ ಕೇಳಿದೆ. ಮಸ್ಟರಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳುವುದಿಲ್ಲ.

"ಮೇಲಿನ ಪ್ಲಾಟು" ಎಂದರು ಅಕ್ಕ. ಸ್ವಲ್ಪ ತಡೆದು, "ಒಂದು ವಾರ ಮಾತ್ರ. ಆಮೇಲೆ ಕೆರೆಗೆ ಬರ್ತೀನಿ. ಆ ನಾಯೀನ ನನ್ನ ಚೀಲಕ್ಕೆ ಹಾಕ್ಬೇಕು" ಎಂದರು.

ಅವರ ಹೆಸರಿನ ಮುಂದೆ ಮೇಲಿನ ಪ್ಲಾಟು ಎಂದು ಬರೆದೆ. ಅಷ್ಟು ಸಂತೋಷದಿಂದ ನಾನು ಯಾವ ಪರೀಕ್ಷೆಯಲ್ಲೂ ಬರೆದಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಬ್ಬ ಹೆಂಗಸು ಮೆಲ್ಲಗೆ ಕೈ ಎತ್ತಿ, ತಮಗೂ ಒಂದು ಪ್ಲಾಟು ಕಂಡರೆ ಹೆದರಿಕೆ ಎಂದರು. ಅವರ ಹಿಂದೆ ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಒಬ್ಬ ಗಟ್ಟಿ ಆಳು, ಎಲ್ಲರಿಗಿಂತ ಎತ್ತರದ ಮರ ಹತ್ತುವವನು, ಕೆಮ್ಮುತ್ತಾ ಕೈ ಎತ್ತಿದ. ಮಸ್ಟರ್ ಮುಗಿಯುವಾಗ ಅರ್ಧ ಗಂಟೆ ತಡವಾಗಿತ್ತು.

ಈಗ ಅಕ್ಕನ ವಾರ ಮುಗಿದಿದೆ. ನಿನ್ನೆ ಅವರು ಕೆರೆ ಪ್ಲಾಟಿನಲ್ಲಿ ಕೊಯ್ದರು, ಮರಿ ಅವರ ಎದೆಯ ಚೀಲದಲ್ಲಿ ಇತ್ತು, ಈ ಸಲ ಚೀಲಕ್ಕೆ ಕೆಂಪು ದಾರ ಕಟ್ಟಿದ್ದೇವೆ. ನಾನು ಪಕ್ಕದ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಎದೆ ಎರಡು ಸಲ ಬಿಗಿಯಿತು, ಎಣಿಸಿದೆ, ಬಿಟ್ಟಿತು. ನನಗೆ ಪೂರ್ತಿ ಗುಣವಾಗಿದೆ ಎಂದು ಹೇಳುವುದಿಲ್ಲ, ಮಾತ್ರೆಯನ್ನೂ ಡಾಕ್ಟರು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತಿದ್ದೇನೆ. ಆದರೆ ನಾನು ರೈಟರ್ ಆಗಿಯೇ ಇದ್ದೇನೆ.

ಇದನ್ನು ಓದುತ್ತಿರುವ ನಿಮಗೂ ಇಂಥ ಭಯ ಬಂದಿರಬಹುದು. ಆನೆಯದ್ದೇ ಆಗಬೇಕೆಂದಿಲ್ಲ, ರಸ್ತೆಯದ್ದು, ನೀರಿನದ್ದು, ಆಸ್ಪತ್ರೆಯದ್ದು, ಯಾವುದಾದರೂ ಸರಿ. ಆಗ ನೀವು ಏನನ್ನು ಹಿಡಿದುಕೊಂಡಿರಿ? ಗೊಂಬೆಯೋ, ಯಂತ್ರವೋ, ಹಳೆಯ ಕಂಬಳಿಯೋ, ಪಕ್ಕದಲ್ಲಿದ್ದವರ ಕೈಯೋ? ನಾಚಿಕೊಳ್ಳದೆ ಬರೆದು ತಿಳಿಸಿ. ತಪ್ಪಿಲ್ಲದೆ ಬರೆಯಬೇಕೆಂದೇನೂ ಇಲ್ಲ, ನಾನೇ ಇಷ್ಟು ಬರೆದಿದ್ದೇನಲ್ಲ. ಮಸ್ಟರ್ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಅಕ್ಕನಿಗೂ ಉಳಿದವರಿಗೂ ಓದಿ ಹೇಳುತ್ತೇನೆ, ಅವರೂ ಕೇಳಲು ಕಾಯುತ್ತಿದ್ದಾರೆ.